ಒಂದೇ ಚಿತ್ರ, ಹದಿನಾಲ್ಕು ತಿದ್ದುಪಡಿ

ಕಳೆದ ಆಗಸ್ಟ್‌ನ ಒಂದು ಭಾನುವಾರ ನಮ್ಮ ಗುಂಪಿನ ಗೆಳೆಯನೊಬ್ಬ ಆನೆಗುಂದಿ ರಸ್ತೆಯಲ್ಲಿ ನಿಂತು ಮೊಬೈಲಿನಿಂದ ಒಂದು ಚಿತ್ರ ತೆಗೆದ. ನಡುಮಧ್ಯಾಹ್ನದ ಹೊತ್ತು. ಮುಂದೆ ನೀರು ಕಟ್ಟಿದ ಗದ್ದೆ, ಅದರಲ್ಲಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿರುವ ಆರು ಜನ ಹೆಣ್ಣುಮಕ್ಕಳು. ಅವರ ಹಿಂದೆ ತೆಂಗಿನ ಮರಗಳು, ಎರಡು ವಿದ್ಯುತ್ ಕಂಬ, ಜೋತುಬಿದ್ದ ತಂತಿ. ಅದರಾಚೆ ಒಂದರ ಮೇಲೊಂದು ಕೂತ ಗುಂಡುಗಳ ಗುಡ್ಡ. ಮೇಲೆ ಹಾಲು ಚೆಲ್ಲಿದಂತೆ ಬಿಳಿಚಿದ ಆಕಾಶ. ದೂರದಿಂದ ತೆಗೆದದ್ದರಿಂದ ಯಾರ ಮುಖವೂ ಗುರುತು ಸಿಗುವುದಿಲ್ಲ. ಚಿತ್ರ ಅಷ್ಟೇನೂ ಚೆನ್ನಾಗಿ ಬಂದಿರಲಿಲ್ಲ. ನಮ್ಮ ಆಟ ಶುರುವಾದದ್ದೇ ಅದರಿಂದ.

ವಿಜ್ಞಾನ ಮತ್ತು ಗಣಿತ ಬೋಧನಾ ವಿಧಾನದ ನಾವು ಹದಿನಾಲ್ಕು ಜನ ಪ್ರಶಿಕ್ಷಣಾರ್ಥಿಗಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಹೀಗೆ ಜಿಲ್ಲೆಯ ಹಳೆಯ ನಾಲ್ಕೂ ತಾಲ್ಲೂಕುಗಳಿಂದ ಬಂದವರು. ಇದೇ ಒಂದು ಚಿತ್ರವನ್ನು ಎಲ್ಲರೂ ತಂತಮ್ಮ ಮೊಬೈಲಿನಲ್ಲಿ ತಿದ್ದಿ ಮುಂದಿನ ಭಾನುವಾರ ತೋರಿಸಬೇಕು ಎಂದು ಮಾತಾಯಿತು. ಬಹುಮಾನ ಇಲ್ಲ, ಮೊದಲು ಎರಡನೆಯದು ಎಂಬ ಸ್ಥಾನ ಇಲ್ಲ, ತೀರ್ಪುಗಾರರೂ ಇಲ್ಲ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಆದ್ದರಿಂದ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ, ಎಲ್ಲರ ಕೈಗೂ ಒಂದೇ ಮೂಲ ಸಿಗುವಂತೆ ನೋಡಿಕೊಂಡೆವು.

ಇಂಥ ಸ್ನೇಹದ ಸ್ಪರ್ಧೆಯೊಂದು ನಮ್ಮ ಬೋಧನಾಭ್ಯಾಸದ ಭಾಗವಾಗಬೇಕು ಎಂಬುದು ನನ್ನ ವಾದ. ಚಂದದ ಚಿತ್ರ ಮಾಡಲು ಕಲಿಯಲಿ ಎಂಬ ಕಾರಣಕ್ಕಲ್ಲ. ತಾನು ಏನನ್ನು ಬದಲಿಸಿದೆ, ಏನನ್ನು ಬಿಟ್ಟೆ ಎಂಬುದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಅಭ್ಯಾಸ ಶಿಕ್ಷಕನಿಗೆ ಬೇಕು ಎಂಬ ಕಾರಣಕ್ಕೆ. ಈ ಅಭ್ಯಾಸ ನನಗೇ ಇರಲಿಲ್ಲ ಎಂಬುದು ಒಂಬತ್ತನೇ ತರಗತಿಯ ಒಬ್ಬ ಹುಡುಗಿಯಿಂದ ತಿಳಿಯಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೋಡುವವರ ಊರು

ಹದಿನಾಲ್ಕು ಚಿತ್ರಗಳನ್ನು ಸಾಲಾಗಿ ಇಟ್ಟಾಗ ಮೊದಲು ಕಂಡದ್ದು ಹಸಿರಿನ ವ್ಯತ್ಯಾಸ. ಯಲಬುರ್ಗಾ ಕಡೆಯ ಗೆಳತಿ ಗದ್ದೆಯ ಹಸಿರನ್ನು ಕಣ್ಣು ಕುಕ್ಕುವಷ್ಟು ಏರಿಸಿದ್ದಳು. ಗಂಗಾವತಿಯ ಗೆಳೆಯ ಅದೇ ಹಸಿರನ್ನು ತಗ್ಗಿಸಿದ್ದ. ಕಾರಣ ಕೇಳಿದಾಗ ಅವಳು, "ನಮ್ಮ ಕಡೆ ಜೋಳ, ಕಡ್ಲಿ ಹೊಲದಾಗ ಮಳಿ ದಾರಿ ಕಾಯೋದೇ ಆಗೇತಿ. ಇಷ್ಟು ನೀರು ನೋಡಿದ ಕೂಡ್ಲೆ ನನಗ ಹಸಿರು ಹಿಂಗs ಕಾಣ್ತು" ಎಂದಳು. ಅವನು ನಕ್ಕು, "ಹಚ್ಚಿದ ದಿನ ಸಸಿ ಹಸಿರು ಇರಂಗಿಲ್ಲವಾ, ಹಳದಿ ತಿರುಗಿರ್ತದ. ಬೇರು ಹಿಡಿಯಾಕ ಏಳೆಂಟು ದಿನ ಬೇಕು" ಎಂದ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಊರಿನ ಕಣ್ಣೇ ಬೇರೆ, ಮಳೆ ನಂಬಿದ ಎರೆಹೊಲದ ಊರಿನ ಕಣ್ಣೇ ಬೇರೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಒಬ್ಬಳು ತನ್ನ ಆಸೆಯನ್ನು ತೋರಿಸಿದ್ದಳು, ಇನ್ನೊಬ್ಬ ತನ್ನ ಅನುಭವವನ್ನು. ನಾವು ಕಲಿಸಲು ಹೋಗುವ ಒಂದೇ ತರಗತಿಯಲ್ಲಿ ಈ ಎರಡೂ ಬಗೆಯ ಮಕ್ಕಳು ಕೂತಿರುತ್ತಾರೆ. ಅದನ್ನು ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ಆ ಎರಡು ಹಸಿರುಗಳು ಹೇಳಿದವು. ಚಿತ್ರ ಬೇರೆ ಬೇರೆಯಾಗಿದ್ದರೆ ಈ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಒಂದು ಅಂಶವನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸುತ್ತೇವಲ್ಲ, ಇಲ್ಲಿ ಚಿತ್ರ ಸ್ಥಿರ, ನೋಡುವವರು ಮಾತ್ರ ಬೇರೆ.

ಹಂಪಿಯ ವಿಷಯದಲ್ಲಿ ಇದರ ಇನ್ನೊಂದು ರೂಪ ನಡೆದಿದೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸು ಸೈನ್ಯದ ಅಧಿಕಾರಿ 1856ರಲ್ಲಿ ಹಂಪಿಯ ಅವಶೇಷಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ಕ್ಯಾಮೆರಾ ನಿಲ್ಲಿಸಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನಡುವಿನ ನೂರಿಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಏನು ಬಿದ್ದಿದೆ, ಯಾವುದನ್ನು ದುರಸ್ತಿ ಮಾಡಿದ್ದಾರೆ, ಎಲ್ಲಿ ಗಿಡ ಬೆಳೆದಿದೆ ಎಂದು ಗೊತ್ತಾಗುತ್ತದೆ. ಆ ಕಾಲದ ಕಾಗದದ ನೆಗೆಟಿವ್‌ಗೆ ಬೆಳಕು ಬಹಳ ಹೊತ್ತು ಬೀಳಬೇಕಾಗಿತ್ತು. ಕಲ್ಲು, ಮಂಟಪ ಸ್ಪಷ್ಟವಾಗಿ ಮೂಡುತ್ತಿದ್ದವು. ಓಡಾಡುವ ಮನುಷ್ಯರು ಮಸುಕಾಗುತ್ತಿದ್ದರು ಅಥವಾ ಮೂಡುತ್ತಲೇ ಇರಲಿಲ್ಲ. ಆ ರಾಸಾಯನಿಕಗಳಿಗೆ ನೀಲಿ ಬೆಳಕು ಬೇಗ ತಾಗುತ್ತಿದ್ದುದರಿಂದ ಆಕಾಶವೂ ಬರಿ ಬಿಳಿಯಾಗಿ ಬರುತ್ತಿತ್ತು. ಅಂದು ಮನುಷ್ಯ ಮಾಯವಾಗುತ್ತಿದ್ದದ್ದು ಯಂತ್ರದ ಮಿತಿಯಿಂದ. ಇಂದು ಅದಕ್ಕೆ ನಮ್ಮ ಒಂದು ಬೆರಳು ಸಾಕು.

ಬೆಳಕಿನ ಗಣಿತ

ಈ ಆಟವನ್ನು ಪಾಠ ಎನ್ನಬಹುದೇ ಎಂದು ಕೇಳುವವರಿಗೆ ನನ್ನ ಬಳಿ ಗಟ್ಟಿ ಉತ್ತರವಿದೆ. ಸಾಮಾನ್ಯ ಡಿಜಿಟಲ್ ಚಿತ್ರದಲ್ಲಿ ಪ್ರತಿ ಚುಕ್ಕೆಯ ಹೊಳಪೂ 0ಯಿಂದ 255ರೊಳಗಿನ ಒಂದು ಸಂಖ್ಯೆ. 0 ಎಂದರೆ ಕಡುಗಪ್ಪು, 255 ಎಂದರೆ ಅಚ್ಚಬಿಳಿ. ಮೊಬೈಲ್ ಆ್ಯಪ್‌ಗಳು ಒಳಗೆ ಮಾಡುವ ಲೆಕ್ಕ ಇದಕ್ಕಿಂತ ಜಟಿಲ. ಆದರೂ ಸರಳ ಮಾದರಿಯಲ್ಲಿ ಬ್ರೈಟ್‌ನೆಸ್ ಏರಿಸುವುದೆಂದರೆ ಪ್ರತಿ ಸಂಖ್ಯೆಗೂ ಒಂದೇ ಮೊತ್ತ ಕೂಡುವುದು. ಕಾಂಟ್ರಾಸ್ಟ್ ಏರಿಸುವುದೆಂದರೆ ನಡುವಿನ ಬೂದುಬಣ್ಣವನ್ನು ಹಾಗೇ ಇಟ್ಟು, ಉಳಿದವನ್ನು ಅದರಿಂದ ದೂರ ಎಳೆಯುವುದು.

ಒಂಬತ್ತನೇ ತರಗತಿಯಲ್ಲಿ ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳನ್ನು ಕಲಿಸುವಾಗ ನಾನು ಇದನ್ನೇ ಹಲಗೆಯ ಮೇಲೆ ಬರೆದೆ: ಹೊಸ ಬೆಲೆ = 1.5 × ಹಳೆಯ ಬೆಲೆ − 64. ಹಳೆಯ ಬೆಲೆ 128 ಇದ್ದರೆ ಹೊಸದೂ 128. ಹಳೆಯದು 100 ಇದ್ದರೆ ಹೊಸದು 86, ಅಂದರೆ ಕಪ್ಪಿನ ಕಡೆ ಜಾರಿತು. 200 ಇದ್ದರೆ 236, ಬಿಳಿಯ ಕಡೆ ಏರಿತು. ಮಕ್ಕಳು ನಕ್ಷೆ ಎಳೆದರು. 220 ಹಾಕಿದಾಗ 266 ಬಂತು. "ಸರ್, 255ಕ್ಕ ಮುಗಿತೈತಿ ಅಂದ್ರಲ್ರೀ, ಇದನ್ನ ಎಲ್ಲಿ ಇಡೋದ್ರೀ?" ಎಂದ ಒಬ್ಬ. ಎಲ್ಲೂ ಇಡಲಾಗುವುದಿಲ್ಲ. 255ಕ್ಕೇ ನಿಲ್ಲಿಸಬೇಕು.

ಇಲ್ಲೇ ನಿಜವಾದ ಪಾಠ ಇರುವುದು. 230 ಇರುವ ಚುಕ್ಕೆಗೆ 40 ಕೂಡಿ, 270 ಇಡಲು ಜಾಗವಿಲ್ಲದೆ 255ಕ್ಕೆ ನಿಲ್ಲಿಸಿ, ಆ ಚಿತ್ರವನ್ನು ಉಳಿಸಿದೆವು ಎನ್ನಿ. ಆಮೇಲೆ ಅದರಿಂದ 40 ಕಳೆದರೆ ಸಿಗುವುದು 215. 240 ಇದ್ದ ಚುಕ್ಕೆಗೂ ಅದೇ ಗತಿ, ಅದೂ 215. ಎರಡು ಬೇರೆ ಬೇರೆ ಮೋಡಗಳು ಒಂದೇ ಆಗಿಹೋದವು. ಕೂಡಿದ್ದನ್ನು ಕಳೆದರೆ ಮೊದಲಿನದು ವಾಪಸ್ ಬರುತ್ತದೆ ಎಂಬ ನಮ್ಮ ನಂಬಿಕೆ ಇಲ್ಲಿ ಕೈಕೊಡುತ್ತದೆ. ಮೂಲ ಚಿತ್ರವನ್ನು ಯಾಕೆ ಕಾಪಾಡಬೇಕು ಎಂಬುದಕ್ಕೆ ನೀತಿಪಾಠವೇ ಬೇಕಿಲ್ಲ, ಈ ಲೆಕ್ಕ ಸಾಕು.

ಬಿಳಿಚಿದ ಆಕಾಶ ಹತ್ತನೇ ತರಗತಿಯ ಬೆಳಕಿನ ಚದುರುವಿಕೆಗೆ ದಾರಿ ಮಾಡಿಕೊಡುತ್ತದೆ. ದೂರದ ಗುಡ್ಡ ಯಾಕೆ ಮಸುಕು, ಹತ್ತಿರದ ಸಸಿ ಯಾಕೆ ಸ್ಪಷ್ಟ? ನಡುವಿನ ಗಾಳಿಯಲ್ಲಿರುವ ತೇವ ಮತ್ತು ಧೂಳಿನ ಕಣಗಳು ಬೆಳಕನ್ನು ಚದುರಿಸಿ ನಮ್ಮ ಕಣ್ಣಿಗೆ ತಳ್ಳುತ್ತವೆ. ಆ್ಯಪ್‌ನಲ್ಲಿ ಮಬ್ಬು ತೆಗೆಯುವ ಪಟ್ಟಿ ಎಳೆದಾಗ ಚಿತ್ರದ ಮಬ್ಬು ಹೋಗುತ್ತದೆ, ಗಾಳಿಯ ಧೂಳು ಹೋಗುವುದಿಲ್ಲ. ಗಿಣಿಗೇರಿ ಕಡೆಯ ಕಾರ್ಖಾನೆಗಳ ಸುತ್ತಲಿನ ಊರಿನ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಅರ್ಧ ಹಚ್ಚಿದ ಗದ್ದೆ

ಈಗ ಆ ಹುಡುಗಿಯ ವಿಷಯ. ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ. ಮೊದಲ ದಿನ ಮೂಲ ಚಿತ್ರದ ಬಣ್ಣದ ಪ್ರತಿಯನ್ನು ಗೋಡೆಗೆ ಅಂಟಿಸಿದೆ. ಮರುದಿನ ತಿದ್ದಿದ ಆರು ಚಿತ್ರಗಳನ್ನು ಸ್ಮಾರ್ಟ್ ಕ್ಲಾಸಿನ ಪರದೆಯ ಮೇಲೆ ತೋರಿಸಿದೆ. ಕುಷ್ಟಗಿಯ ಗೆಳೆಯ ಹಗಲನ್ನು ರಾತ್ರಿ ಮಾಡಿ, ಗುಡ್ಡದ ನೆತ್ತಿಗೆ ದೊಡ್ಡ ಚಂದ್ರನನ್ನು ಕೂರಿಸಿದ್ದ. ಮಕ್ಕಳು ಹೋ ಎಂದು ನಕ್ಕರು. ಕೊನೆಯದು ನನ್ನದು. ನೀಲಿ ಆಕಾಶ, ಹೊಳೆಯುವ ಗುಂಡುಗಳು, ಕನ್ನಡಿಯಂಥ ನೀರು. ತಂತಿ ಇಲ್ಲ, ಕಂಬ ಇಲ್ಲ. ಕ್ಯಾಲೆಂಡರಿನ ಚಿತ್ರದಂತಿತ್ತು. ತರಗತಿ ಚಪ್ಪಾಳೆ ಹೊಡೆಯಿತು.

ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್ರೀ, ಸಸಿ ಹಚ್ಚೋರು ಎಲ್ಲಿ ಹೋದ್ರು?"

ತೆಗೆದುಹಾಕಿದ್ದೆ. ಸ್ನ್ಯಾಪ್‌ಸೀಡ್‌ನಲ್ಲಿ ಕಲೆ ಅಳಿಸುವ ಒಂದು ಸಾಧನವಿದೆ. ಗೂಗಲ್ ಫೋಟೋಸ್‌ನಲ್ಲಿ ಮ್ಯಾಜಿಕ್ ಎರೇಸರ್ ಇದೆ. ಬೇಡವಾದದ್ದರ ಮೇಲೆ ಬೆರಳಾಡಿಸಿದರೆ ಅಕ್ಕಪಕ್ಕದ ಬಣ್ಣವನ್ನೇ ಹರಡಿ ಆ ಜಾಗ ಮುಚ್ಚುತ್ತದೆ. ತಂತಿ ಅಳಿಸಿದೆ, ಕಂಬ ಅಳಿಸಿದೆ, ಅದೇ ಕೈಯಲ್ಲಿ ಆರು ಜನರನ್ನೂ ಅಳಿಸಿದೆ. ನೀರಿನಲ್ಲಿ ಗುಡ್ಡದ ನೆರಳು ಪೂರ್ತಿ ಕಾಣಲಿ ಎಂಬುದಷ್ಟೇ ಆಗ ನನ್ನ ತಲೆಯಲ್ಲಿ ಇದ್ದದ್ದು.

"ಫೋಟೋ ಚೊಲೊ ಕಾಣ್ಲಿ ಅಂತ ತೆಗೆದೆ" ಎಂದೆ.

"ಅರ್ಧ ಗದ್ದಿ ಹಚ್ಚೇತಿ, ಅರ್ಧ ಖಾಲಿ ಐತಿ. ಮತ್ತ ಹಚ್ಚಿದೋರು ಯಾರ್ರೀ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಕೂಡದಿದ್ದಾಗ ಕೇಳುವಂತೆ ಕೇಳಿದಳು. ಆದರೆ ಅವಳ ತಾಯಿಯೂ ಆ ಹಂಗಾಮಿನಲ್ಲಿ ಸಸಿ ಹಚ್ಚಲು ಹೋಗುತ್ತಾರೆ ಎಂದು ಪಕ್ಕದವಳು ಹೇಳಿದಾಗ ನನಗೆ ಮುಂದೆ ಮಾತು ಹೊರಡಲಿಲ್ಲ. ನನ್ನ ಮನೆಯಲ್ಲೂ ಗದ್ದೆ ಕೆಲಸ ಮಾಡಿದವರಿದ್ದಾರೆ. ಆದರೂ ಆ ಬಗ್ಗಿದ ಬೆನ್ನುಗಳು ನನ್ನ ಕಣ್ಣಿಗೆ ಚಿತ್ರದ ಕಸದಂತೆ ಕಂಡಿದ್ದವು.

ಆ ದಿನ ಉಳಿದ ಅವಧಿಯನ್ನು ಮಕ್ಕಳೇ ನಡೆಸಿದರು. ಚಂದ್ರನನ್ನು ಕೂರಿಸಿದ್ದು ಸುಳ್ಳೋ ಅಲ್ಲವೋ? ಸುಳ್ಳೇ, ಆದರೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಯಾರೂ ಮೋಸ ಹೋಗುವುದಿಲ್ಲ ಎಂದರು. ನನ್ನ ಚಿತ್ರ? ಅದು ನಿಜದಂತೆ ಕಾಣುತ್ತದೆ, ಅದಕ್ಕೇ ತಪ್ಪು ಎಂದರು. ತಂತಿ ಅಳಿಸಿದ್ದರ ಬಗ್ಗೆ ತರಗತಿ ಎರಡಾಯಿತು. ತಂತಿ ಇಲ್ಲದಿದ್ದರೇನು, ಚಿತ್ರ ಚಂದ ಇದೆಯಲ್ಲ ಎಂದರು ಕೆಲವರು. ಕರೆಂಟ್ ಬರುವುದೇ ನಮ್ಮೂರಿನ ದೊಡ್ಡ ಸುದ್ದಿ, ಅದನ್ನು ಯಾಕೆ ಅಳಿಸಬೇಕು ಎಂದ ಒಬ್ಬ ಹುಡುಗ. ನಾನು ತೀರ್ಪು ಕೊಡಲಿಲ್ಲ. ಕೊಡುವ ಅರ್ಹತೆ ಆ ದಿನ ನನಗಿರಲಿಲ್ಲ.

ಬೆಳಕು ಬದಲಿಸುವುದು, ವಸ್ತು ಬದಲಿಸುವುದು

ಛಾಯಾಗ್ರಹಣದವರು ಈ ಗೆರೆಯನ್ನು ಎಂದೋ ಎಳೆದುಕೊಂಡಿದ್ದಾರೆ. ಅಂತಾರಾಷ್ಟ್ರೀಯ ಸಲೊನ್ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಚಿತ್ರದ ಅಂಚು ಕತ್ತರಿಸಬಹುದು, ಬೆಳಕನ್ನು ಹದ ಮಾಡಬಹುದು, ಕಪ್ಪು-ಬಿಳುಪಿಗೆ ಬದಲಿಸಬಹುದು. ಇದ್ದದ್ದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದ ಜಾಗದಿಂದ ಸರಿಸುವಂತಿಲ್ಲ. ಅದೇ ಸಲೊನ್‌ಗಳಲ್ಲಿ ಬೇಕಾದಂತೆ ತಿದ್ದಲು ಅವಕಾಶವಿರುವ ಬೇರೆ ವಿಭಾಗಗಳೂ ಇವೆ. ಅಂದರೆ ಕಲ್ಪನೆಗೆ ಯಾರೂ ಬೇಲಿ ಹಾಕಿಲ್ಲ. ಯಾವ ವಿಭಾಗದಲ್ಲಿ ನಿಂತಿದ್ದೀರಿ ಎಂದು ಮೊದಲೇ ಹೇಳಬೇಕು, ಅಷ್ಟೇ. ನಮ್ಮ ನೆರೆಯ ಸಂಡೂರಿನ ಎಂ.ವೈ. ಘೋರ್ಪಡೆಯವರು ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಂದ ಹೆಸರಾದವರು. ಅವರ ಚಿತ್ರದಲ್ಲಿ ಬಣ್ಣವಿಲ್ಲ ಎಂದು ಯಾರೂ ಅದನ್ನು ಸುಳ್ಳು ಎನ್ನುವುದಿಲ್ಲ. ಬಣ್ಣ ಬಿಟ್ಟದ್ದು ಎಲ್ಲರಿಗೂ ಕಾಣುತ್ತದೆ.

ಕಾಣದಂತೆ ಬಿಟ್ಟದ್ದೇ ತೊಂದರೆ ಕೊಡುವುದು. ಕುಷ್ಟಗಿಯ ನಿಡಶೇಸಿ ಕೆರೆಯ ಹೂಳು ತೆಗೆದದ್ದನ್ನು, ಗವಿಮಠದ ಶ್ರೀಗಳು ಮುಂದೆ ನಿಂತು ಹಿರೇಹಳ್ಳ ಸ್ವಚ್ಛಗೊಳಿಸಿದ್ದನ್ನು ನಮ್ಮ ಜಿಲ್ಲೆಯ ಮಕ್ಕಳು ಬಲ್ಲರು. ಇಂಥ ಕೆಲಸಕ್ಕೆ ಮೊದಲಿನ ಮತ್ತು ನಂತರದ ಚಿತ್ರಗಳೇ ಸಾಕ್ಷಿ. ಮೊದಲಿನ ಚಿತ್ರವನ್ನು ಕಪ್ಪಾಗಿಸಿ, ನಂತರದ್ದರ ನೀರಿಗೆ ನೀಲಿ ಬಳಿದರೆ ಕೆರೆಗೆ ಲಾಭವಿಲ್ಲ. ನಿಜವಾಗಿ ಬೆವರು ಸುರಿಸಿದ ಕೆಲಸದ ಮೇಲೂ ಜನರಿಗೆ ಅನುಮಾನ ಬರುತ್ತದೆ.

ನಮ್ಮ ದಾಖಲೆ ಪುಸ್ತಕಕ್ಕೂ ಈ ಮಾತು ಅನ್ವಯಿಸುತ್ತದೆ. ಬೋಧನಾಭ್ಯಾಸದ ರೆಕಾರ್ಡಿಗೆ ಅಂಟಿಸಲು ನಾವು ಗುಂಪು ಚಟುವಟಿಕೆಯ ಫೋಟೋ ತೆಗೆಯುತ್ತೇವೆ. ಮುಂದಿನ ಎರಡು ಬೆಂಚಿನ ಮಕ್ಕಳು ಕೈ ಎತ್ತಿರುತ್ತಾರೆ. ಹಿಂದಿನ ಬೆಂಚಿನಲ್ಲಿ ಒಬ್ಬ ನಿದ್ದೆ ಹೋಗಿರುತ್ತಾನೆ, ಇನ್ನೊಬ್ಬಳು ಕಿಟಕಿಯಾಚೆ ನೋಡುತ್ತಿರುತ್ತಾಳೆ. ಅಂಟಿಸುವ ಮುನ್ನ ನಾವು ಹಿಂದಿನ ಬೆಂಚನ್ನು ಕತ್ತರಿಸುತ್ತೇವೆ. ನಾನೂ ಕತ್ತರಿಸಿದ್ದೇನೆ. ನಿಸರ್ಗ ವಿಭಾಗದ ನಿಯಮದಲ್ಲಿ ಅಂಚು ಕತ್ತರಿಸಲು ಅಡ್ಡಿಯಿಲ್ಲ, ನಿಜ. ಆದರೆ ಶಿಕ್ಷಕನ ದಾಖಲೆಯಲ್ಲಿ ಹಿಂದಿನ ಬೆಂಚು ಅಂಚಲ್ಲ. ಮಾರ್ಗದರ್ಶಕರು ನನಗೆ ಸಹಾಯ ಮಾಡಬೇಕಾದದ್ದು ಕೈ ಎತ್ತಿದ ಮಕ್ಕಳ ವಿಷಯದಲ್ಲಲ್ಲ, ನಿದ್ದೆ ಹೋದವನ ವಿಷಯದಲ್ಲಿ. ಅವನನ್ನೇ ಕತ್ತರಿಸಿ ತೋರಿಸಿದರೆ ಅವರಾದರೂ ಏನು ಹೇಳಿಯಾರು?

ಆಕ್ಷೇಪಣೆಗಳು

ಮೊದಲನೆಯದು, ಶಾಲೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡುವುದು ಸರಿಯಲ್ಲ. ಒಪ್ಪುತ್ತೇನೆ. ಕೊಡಬೇಕಾಗಿಯೂ ಇಲ್ಲ. ಮೂಲ ಚಿತ್ರದ ನಾಲ್ಕೈದು ಮುದ್ರಿತ ಪ್ರತಿ ಸಾಕು. ರಟ್ಟಿನಿಂದ ಮೂಲೆಮಟ್ಟದ ಆಕಾರದ ಎರಡು ತುಂಡು ಕತ್ತರಿಸಿ ಚಿತ್ರದ ಮೇಲೆ ಸರಿಸಿದರೆ ಬೇಕಾದಷ್ಟು ಚೌಕಟ್ಟುಗಳು ಸಿಗುತ್ತವೆ. ಬಣ್ಣದ ಜಿಲೆಟಿನ್ ಕಾಗದ ಹಾಸಿದರೆ ಬಣ್ಣ ಬದಲಾಗುತ್ತದೆ. ಚಿತ್ರದ ಮೇಲೆ ಹತ್ತಕ್ಕೆ ಹತ್ತು ಚೌಕ ಎಳೆದು, ಪ್ರತಿ ಚೌಕದ ಹೊಳಪಿಗೆ 0ಯಿಂದ 9ರವರೆಗೆ ಅಂಕೆ ಕೊಟ್ಟರೆ ಮೇಲಿನ ಲೆಕ್ಕವನ್ನೆಲ್ಲ ಕೈಯಲ್ಲೇ ಮಾಡಬಹುದು. ಮನೆಯಲ್ಲಿ ಮೊಬೈಲ್ ಇರುವ ಮಗು, ಇಲ್ಲದ ಮಗು ಎಂಬ ಭೇದವೂ ಬರುವುದಿಲ್ಲ.

ಎರಡನೆಯದು, ಪಠ್ಯ ಮುಗಿಸಲು ಸಮಯವಿಲ್ಲ. ಇದನ್ನು ಪಠ್ಯದ ಹೊರಗೆ ಇಟ್ಟರೆ ಸಮಯ ಸಿಗುವುದಿಲ್ಲ. ರೇಖಾತ್ಮಕ ಸಮೀಕರಣದ ಒಂದು ಅವಧಿ, ಬೆಳಕಿನ ಚದುರುವಿಕೆಯ ಒಂದು ಅವಧಿ, ಇಷ್ಟರಲ್ಲೇ ಇದು ಕೂಡುತ್ತದೆ. ಎರಡು ವರ್ಷದ ಬಿ.ಇಡಿ.ಯಲ್ಲಿ ಒಟ್ಟು 20 ವಾರ ಶಾಲೆಯಲ್ಲಿ ಕಳೆಯುವ ನಮಗೆ ಎರಡು ಅವಧಿ ಭಾರವಲ್ಲ.

ಮೂರನೆಯದನ್ನು ನನ್ನ ಗೆಳೆಯನೇ ಎತ್ತಿದ. ಎಲ್ಲದಕ್ಕೂ ಕಾರಣ ಕೇಳುತ್ತಾ ಹೋದರೆ ಆಟದ ಖುಷಿ ಎಲ್ಲಿ ಉಳಿಯುತ್ತದೆ? ನನ್ನ ಅನುಭವ ಬೇರೆ. ನಮ್ಮ ಹದಿನಾಲ್ಕು ಜನರ ಸಂಜೆಯಲ್ಲಿ ಚಿತ್ರ ನೋಡಿದ್ದು ಹತ್ತು ನಿಮಿಷ, ಯಾಕೆ ಹಾಗೆ ಮಾಡಿದೆ ಎಂದು ಕೇಳಿ ನಕ್ಕಿದ್ದು ಎರಡು ತಾಸು. ಬಹುಮಾನ ಇದ್ದಿದ್ದರೆ ಯಾರೂ ತಮ್ಮ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ.

ಒಂದು ಚೀಟಿ

ಹಾಗಾಗಿ ಕಾಲೇಜಿನ ಮುಂದೆ ಒಂದು ಸಣ್ಣ ಪ್ರಸ್ತಾವ ಇಡುತ್ತೇನೆ. ಪ್ರತಿ ವರ್ಷ ಸೂಕ್ಷ್ಮ ಬೋಧನೆ ಮುಗಿದ ವಾರ, ಎಲ್ಲ ವಿಧಾನಗಳ ಪ್ರಶಿಕ್ಷಣಾರ್ಥಿಗಳಿಗೂ ಜಿಲ್ಲೆಯ ಒಂದೇ ಭೂದೃಶ್ಯದ ಚಿತ್ರ ಕೊಡಬೇಕು. ಒಂದು ವರ್ಷ ಹಿರೇಬೆಣಕಲ್ ಗುಡ್ಡ ಇರಲಿ, ಒಂದು ವರ್ಷ ಮುನಿರಾಬಾದಿನ ಜಲಾಶಯ, ಒಂದು ವರ್ಷ ಇಟಗಿಯ ದೇವಾಲಯದ ಸುತ್ತಲಿನ ಎರೆಹೊಲ. ತಿದ್ದಲು ಪೂರ್ತಿ ಸ್ವಾತಂತ್ರ್ಯ ಇರಲಿ. ಪ್ರತಿ ಚಿತ್ರದ ಕೆಳಗೆ ಮಾತ್ರ ಮೂರು ಸಾಲಿನ ಒಂದು ಚೀಟಿ ಇರಬೇಕು: ಬೆಳಕು ಮತ್ತು ಬಣ್ಣದಲ್ಲಿ ಏನು ಬದಲಿಸಿದೆ, ಯಾಕೆ. ಚೌಕಟ್ಟಿನಿಂದ ಏನು ಹೊರಗಿಟ್ಟೆ, ಯಾಕೆ. ಯಾವುದನ್ನು ಅಳಿಸಿದೆ ಅಥವಾ ಸೇರಿಸಿದೆ, ಯಾಕೆ. ಎಲ್ಲದರ ಪಕ್ಕದಲ್ಲಿ ಮೂಲ ಚಿತ್ರ ತೂಗುಹಾಕಿರಬೇಕು. ಅಂಕ ಬೇಡ.

ಅದೇ ಚೀಟಿಯನ್ನು ಪಾಠಯೋಜನೆಯ ಕೊನೆಯಲ್ಲೂ ಅಂಟಿಸಬಹುದು. ಪಠ್ಯಪುಸ್ತಕದ ಅಧ್ಯಾಯವೂ ನಮಗೆಲ್ಲ ಹಂಚಿಕೊಟ್ಟ ಒಂದೇ ಚಿತ್ರವಲ್ಲವೇ? ನಲವತ್ತು ನಿಮಿಷಕ್ಕೆ ಹೊಂದಿಸಲು ಏನನ್ನೋ ಹಿಗ್ಗಿಸುತ್ತೇವೆ, ಏನನ್ನೋ ಬಿಡುತ್ತೇವೆ. ಬಿಡುವುದು ತಪ್ಪಲ್ಲ, ಬಿಡದೆ ಪಾಠವೇ ಆಗುವುದಿಲ್ಲ. ಏನು ಬಿಟ್ಟೆ ಎಂಬುದು ಬಿಟ್ಟವನಿಗೆ ಗೊತ್ತಿರಬೇಕು, ಕೇಳಿದವರಿಗೆ ಹೇಳಲು ಬರಬೇಕು.

ಆ ಶಾಲೆಯ ಗೋಡೆಯ ಮೇಲೆ ಈಗ ಎರಡು ಚಿತ್ರಗಳಿವೆ. ಒಂದು ಮೂಲದ್ದು. ಇನ್ನೊಂದು ಮಕ್ಕಳು ಹೇಳಿದಂತೆ ನಾನು ಮತ್ತೆ ತಿದ್ದಿದ್ದು. ಇದರಲ್ಲಿ ಮಬ್ಬು ಕಡಿಮೆ, ತಂತಿ ಇದೆ, ಆರು ಜನರೂ ಇದ್ದಾರೆ. ಕೆಳಗಿನ ಚೀಟಿಯ ಮೂರನೇ ಸಾಲನ್ನು ಆ ಹುಡುಗಿಯೇ ಬರೆದಳು: "ಯಾರನ್ನೂ ಅಳಿಸಿಲ್ಲ."